ಹೆಂಚಿನ ಮನೆಯ ಮಾಡು (ಚಾವಣಿ) ರಿಪೇರಿಗೆ ದುಡ್ಡು ಹೊಂದಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಅನ್ನದ ಮೇಲೆ ಸಣ್ಣಗೆ ಏನೋ ಉದುರಿತು. ಅಮ್ಮ ಬೆರಳಲ್ಲಿ ತೆಗೆದು ನೋಡಿದರು. ಮರದ ಪುಡಿ. ಏಣಿ ಹಾಕಿ ಅಟ್ಟ ಹತ್ತಿ ಪಕಾಸಿಗೆ, ಅಂದರೆ ಮಾಡನ್ನು ಹೊರುವ ಇಳಿಜಾರು ಮರಕ್ಕೆ, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದೆ. ಗಟ್ಟಿ ಮರ 'ಟಣ್' ಅನ್ನಬೇಕು. ನಮ್ಮದು 'ಡಬ್' ಅಂತು. ಇನ್ನೊಂದು ಏಟಿಗೆ ಸುತ್ತಿಗೆ ಒಳಗೇ ಹೋಯಿತು. ಒರಲೆ (ಗೆದ್ದಲು) ಒಳಗಿದ್ದದ್ದನ್ನೆಲ್ಲ ತಿಂದು ಹೊರಗಿನ ಪದರ ಮಾತ್ರ ಬಿಟ್ಟಿತ್ತು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಹಳೇ ಹೆಂಚಿನ ಮನೆ. ಆ ವರ್ಷ ಮಾಡು ಪೂರ್ತಿ ಬಿಚ್ಚಿ ಕಟ್ಟಿಸಿದೆವು. ಅಲ್ಲಿಂದ ಈಚೆಗೆ ಮಲೆನಾಡು, ಕರಾವಳಿ ಕಡೆಯ ಎಷ್ಟೋ ಜನ ಫೋನ್ ಮಾಡಿ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವುಗಳಿಗೆ ಗೊತ್ತಿದ್ದಷ್ಟು ಉತ್ತರ ಇಲ್ಲಿ ಬರೆದಿದ್ದೇನೆ.

ಮೊದಲು ದುಡ್ಡು ನೋಡಿಕೊಳ್ಳಬೇಕಾ, ಎಸ್ಟಿಮೇಟ್ ಮಾಡಿಸಬೇಕಾ?

ಎಸ್ಟಿಮೇಟ್ ಮೊದಲು. ಅದೂ 'ಒಟ್ಟು ಆರು ಲಕ್ಷ ಆಗಬಹುದು' ಅನ್ನುವ ಬಾಯಿಮಾತಿನ ಎಸ್ಟಿಮೇಟ್ ಅಲ್ಲ. ಆಚಾರಿಯನ್ನು, ಅಂದರೆ ಬಡಗಿಯನ್ನು, ಕರೆದು ಅಟ್ಟ ಹತ್ತಿಸಿ. ತೊಲೆ ಎಷ್ಟು ಹೋಗಿದೆ, ಪಕಾಸಿ ಎಷ್ಟು, ಹೆಂಚು ಕೂರಿಸುವ ಮರದ ಪಟ್ಟಿ, ಅಂದರೆ ರೀಪು, ಎಷ್ಟು ಅಡಿ ಬೇಕು, ಹೆಂಚು ಎಷ್ಟು ಒಡೆದಿದೆ ಅಂತ ಒಂದೊಂದಾಗಿ ಬರೆಸಿ. ಸೀಮೆಸುಣ್ಣದಲ್ಲಿ ಕೆಟ್ಟ ಪಕಾಸಿಗೆ ಗುರುತು ಹಾಕಿ. ನಮ್ಮ ಮನೆಯಲ್ಲಿ 'ಎಲ್ಲಾ ಹೋಗಿದೆ' ಅಂದುಕೊಂಡಿದ್ದೆವು. ಎಣಿಸಿದಾಗ ಅರ್ಧಕ್ಕಿಂತ ಜಾಸ್ತಿ ಮರ ಗಟ್ಟಿಯಾಗಿಯೇ ಇತ್ತು.

ಹೆಂಚಿನ ಲೆಕ್ಕ ಸುಲಭ. ಮಂಗಳೂರು ಹೆಂಚಾದರೆ ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಸುಮಾರು 150 ಹೆಂಚು ಬೇಕು. ಮಾಡು ಇಳಿಜಾರಾಗಿ ಇರುವುದರಿಂದ ನೆಲದ ಅಳತೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಮಾಡನ್ನೇ ಅಳೆಯಬೇಕು. ನಮ್ಮದು 18 ಚದರ, ಅಂದರೆ 2,700 ಹೆಂಚು. ಅದರಲ್ಲಿ 1,800 ಹಳೇ ಹೆಂಚು ತೊಳೆದು ಮತ್ತೆ ಹಾಕುವ ಹಾಗಿತ್ತು. ಹೊಸದು ಬೇಕಾದದ್ದು 900 ಮಾತ್ರ.

ಹೀಗೆ ಬಿಡಿಬಿಡಿಯಾಗಿ ಬರೆಸಿ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. 'ಆರು ಲಕ್ಷ ಕೊಡಿ' ಅಂದರೆ ಯಾರೂ ಕೊಡಲ್ಲ. 'ಎರಡು ಪಕಾಸಿ ನಿಮ್ಮದು ಇರಲಿ ಚಿಕ್ಕಪ್ಪಾ' ಅಂದರೆ ಕೊಡುತ್ತಾರೆ.

ನಿಮ್ಮ ಮನೆಗೆ ಎಷ್ಟಾಯ್ತು? ಎಲ್ಲಿಂದ ತಂದಿರಿ?

ಎಸ್ಟಿಮೇಟ್ ಆಗಿದ್ದು 6,20,000 ರೂಪಾಯಿ. ಮರಕ್ಕೆ 2,60,000. ಹೆಂಚು, ರೀಪಿಗೆ 70,000. ಆಚಾರಿ ಮತ್ತು ಆಳುಗಳ ಕೂಲಿ 1,90,000. ಗೋಡೆ ತಲೆ ಸರಿಮಾಡಿ ವೈರಿಂಗ್ ಬದಲಿಸಲು 60,000. ಎಣಿಸದ ಖರ್ಚಿಗೆ ಕೈಯಲ್ಲಿ ಇರಲಿ ಅಂತ 40,000.

ದುಡ್ಡು ಒಂದೇ ಕಡೆಯಿಂದ ಬರಲಿಲ್ಲ. ಉಳಿತಾಯ 90,000 ಇತ್ತು. ಆ ವರ್ಷದ ಅಡಿಕೆಯಿಂದ 1,10,000 ತೆಗೆದಿಟ್ಟೆವು. ಅಕ್ಕ, ತಮ್ಮ, ಅತ್ತೆ, ದೊಡ್ಡಪ್ಪನ ಮಕ್ಕಳು ಎಲ್ಲಾ ಸೇರಿ 1,60,000 ಹಾಕಿದರು. ಚಿನ್ನದ ಮೇಲೆ 1,50,000. ಹಳೇ ಸಾಮಾನು ಮಾರಿ 28,000. ಒಬ್ಬ ಗೆಳೆಯನಿಂದ ಬಡ್ಡಿ ಇಲ್ಲದ ಕೈಸಾಲ 40,000. ಉಳಿದ 42,000 ದುಡ್ಡಾಗಿ ಬರಲೇ ಇಲ್ಲ, ಮುಯ್ಯಾಳಿನ ಕೆಲಸವಾಗಿ ಬಂತು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಡ್ಡಿ ಕಟ್ಟಬೇಕಾಗಿ ಬಂದದ್ದು ಒಂದೂವರೆ ಲಕ್ಷಕ್ಕೆ ಮಾತ್ರ.

ನೆಂಟರಿಷ್ಟರ ಹತ್ತಿರ ದುಡ್ಡು ಕೇಳೋಕೆ ತುಂಬಾ ಮುಜುಗರ. ಏನು ಮಾಡಲಿ?

ನನಗೂ ಆಗಿತ್ತು. ನಾಲ್ಕು ದಿನ ಫೋನ್ ಕೈಯಲ್ಲಿ ಹಿಡಿದು ಕೆಳಗಿಟ್ಟಿದ್ದೇನೆ. ಕೊನೆಗೆ ಸುಲಭ ಮಾಡಿದ್ದು ಒಂದು ಪಟ್ಟಿ.

ಒಂದು ಹಾಳೆಯಲ್ಲಿ ಮಾಡಿನ ಚಿತ್ರ ಬರೆದೆ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಬಚ್ಚಲು ಅಂತ ಭಾಗ ಮಾಡಿದೆ. ಪ್ರತಿ ಭಾಗದಲ್ಲಿ ಏನೇನು ಬದಲಾಗಬೇಕು, ಎಷ್ಟು ಖರ್ಚು ಅಂತ ಬರೆದೆ. 'ನಾವು ಹಾಕುವುದು ಇಷ್ಟು' ಅಂತ ನಮ್ಮ ದುಡ್ಡನ್ನು ಮೊದಲ ಸಾಲಿನಲ್ಲೇ ಬರೆದೆ. ಅದರ ಫೋಟೋ, ಜೊತೆಗೆ ಸುತ್ತಿಗೆ ಒಳಹೋದ ಪಕಾಸಿಯ ಫೋಟೋ. ಎರಡನ್ನೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಇಷ್ಟೇ ಬರೆದಿದ್ದೆ: 'ಮಳೆಗಾಲಕ್ಕೆ ಮುಂಚೆ ಮಾಡು ಬಿಚ್ಚಬೇಕು. ಯಾರಿಗೆ ಯಾವ ಭಾಗಕ್ಕೆ ಕೈಜೋಡಿಸಲು ಆಗುತ್ತದೋ ತಿಳಿಸಿ. ಆಗದಿದ್ದರೆ ಬೇಜಾರಿಲ್ಲ.'

ಮೊದಲ ಉತ್ತರ ಬಂದದ್ದು ಮೈಸೂರಿನಲ್ಲಿರುವ ಅತ್ತೆಯಿಂದ. 'ಬಚ್ಚಲು ಮನೆಯ ಮೇಲಿನ ರೀಪು ನನ್ನದು. ನಾನು ಬಾಣಂತಿಯಾಗಿ ಅಲ್ಲೇ ಮಿಂದವಳು' ಅಂದರು. ಕೊಟ್ಟದ್ದು ಎಂಟು ಸಾವಿರ. ಅದಾದ ಮೇಲೆ ಉಳಿದವರು ಒಬ್ಬೊಬ್ಬರಾಗಿ ತಮ್ಮ ಭಾಗ ಹೇಳಿದರು. ಜನರಿಗೆ ಆ ಮನೆಯ ನೆನಪು ಇರುತ್ತದೆ. ಪಟ್ಟಿ ಆ ನೆನಪಿಗೆ ಒಂದು ಜಾಗ ಕೊಡುತ್ತದೆ ಅಷ್ಟೆ.

ಒಂದು ಮಾತು. ಕೊಡದವರ ಹೆಸರನ್ನು ಗುಂಪಿನಲ್ಲಿ ಎತ್ತಬೇಡಿ, ಎರಡನೇ ಸಲ ಕೇಳಬೇಡಿ. ಅವರ ಮನೆಯಲ್ಲಿ ಏನು ಕಷ್ಟ ಇದೆಯೋ ನಮಗೆ ಗೊತ್ತಿರಲ್ಲ.

ಇದು ಮೂಲಮನೆ, ಇನ್ನೂ ಪಾಲಾಗಿಲ್ಲ. ನಾನೊಬ್ಬನೇ ಯಾಕೆ ಖರ್ಚು ಮಾಡಲಿ?

ಈ ಪ್ರಶ್ನೆಯನ್ನು ಮಾಡು ಬಿಚ್ಚುವ ಮುಂಚೆಯೇ ಕೂತು ಮಾತಾಡಿ ಮುಗಿಸಿ. ಬಿಚ್ಚಿದ ಮೇಲೆ ಮಾತಾಡಿದರೆ ಜಗಳ ಆಗುತ್ತದೆ.

ಹೆಣ್ಣುಮಕ್ಕಳನ್ನು ಕರೆಯದೆ ಈ ಮಾತುಕತೆ ಮಾಡಬೇಡಿ. ಕರ್ನಾಟಕದಲ್ಲಿ 1994ರ ತಿದ್ದುಪಡಿಯಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲಿನ ದಾರಿ ತೆರೆಯಿತು. 2005ರ ಕೇಂದ್ರದ ತಿದ್ದುಪಡಿ, 2020ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಇನ್ನಷ್ಟು ಗಟ್ಟಿ ಮಾಡಿದವು. ಪಾಲಿನ ಮಾತು ಬಂದಾಗ ತಂಗಿಯನ್ನು ಮರೆತು, ಮಾಡಿಗೆ ದುಡ್ಡು ಬೇಕಾದಾಗ ಮಾತ್ರ ನೆನೆಯುವುದು ಸರಿಯಲ್ಲ.

ಯಾರು ಎಷ್ಟು ಹಾಕಿದರು, ಮುಂದೆ ಪಾಲಾದಾಗ ಈ ಖರ್ಚನ್ನು ಹಿಡಿಯಬೇಕಾ ಬೇಡವಾ ಅನ್ನುವುದನ್ನು ಒಂದು ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ನಮ್ಮಲ್ಲಿ 'ಇದು ಮನೆಗೆ ಕೊಟ್ಟದ್ದು, ಪಾಲಿನಲ್ಲಿ ಹಿಡಿಯುವುದಿಲ್ಲ' ಅಂತ ಬರೆದುಕೊಂಡೆವು. ನಿಮ್ಮಲ್ಲಿ ಬೇರೆ ಥರ ಇರಬಹುದು. ಬರೆದುಕೊಳ್ಳುವುದು ಮುಖ್ಯ.

ನೆಂಟರು ಕೊಟ್ಟ ದುಡ್ಡಿಗೆ ತೆರಿಗೆ ಬೀಳುತ್ತದಾ?

ಅಪ್ಪ, ಅಮ್ಮ, ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಅಪ್ಪ-ಅಮ್ಮನ ಒಡಹುಟ್ಟಿದವರು, ಮಕ್ಕಳು ಉಡುಗೊರೆಯಾಗಿ ಕೊಟ್ಟರೆ ಎಷ್ಟಿದ್ದರೂ ತೆರಿಗೆ ಇಲ್ಲ. ಆದರೆ ಆದಾಯ ತೆರಿಗೆಯವರ ನೆಂಟರ ಪಟ್ಟಿಯಲ್ಲಿ ದೊಡ್ಡಪ್ಪ ಇದ್ದಾರೆ, ದೊಡ್ಡಪ್ಪನ ಮಗ ಇಲ್ಲ! ತುಂಬಾ ಜನ ಎಡವುವುದು ಇಲ್ಲೇ. ಅಂಥವರಿಂದ, ಗೆಳೆಯರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಎಲ್ಲಾ ಸೇರಿ 50,000 ದಾಟಿದರೆ, ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಅವರೂ ಆ ಮನೆಯ ಪಾಲುದಾರರೇ ಆಗಿದ್ದರೆ ತಮ್ಮ ಆಸ್ತಿಗೆ ತಾವೇ ಖರ್ಚು ಮಾಡಿದ ಹಾಗೆ. ಅದಕ್ಕೂ ಬರೆದಿಟ್ಟ ಕಾಗದ ಇರಲಿ.

ಸಾಲವಾಗಿ ಪಡೆಯುವುದಾದರೆ ಸಾಮಾನ್ಯವಾಗಿ 20,000 ಅಥವಾ ಅದಕ್ಕಿಂತ ಜಾಸ್ತಿ ಮೊತ್ತವನ್ನು ನಗದಿನಲ್ಲಿ ತೆಗೆದುಕೊಳ್ಳುವಂತಿಲ್ಲ. ಬ್ಯಾಂಕ್ ಮೂಲಕವೇ ಬರಲಿ. ಮುಂದೆ ನೆನಪಿಗೂ ಅದೇ ಒಳ್ಳೆಯದು.

ಮುಯ್ಯಾಳು ಅಂದರೆ ಈಗಲೂ ಸಿಗುತ್ತಾರಾ?

ಸಿಗುತ್ತಾರೆ, ಕೇಳಿದರೆ. ಇವತ್ತು ನಿಮ್ಮ ಮನೆ ಕೆಲಸಕ್ಕೆ ನಾನು, ನಾಳೆ ನಮ್ಮ ಮನೆ ಕೆಲಸಕ್ಕೆ ನೀವು. ಮಲೆನಾಡಿನಲ್ಲಿ ನಾಟಿ, ಕೊಯ್ಲು, ಸೋಗೆ ಹೊದಿಸುವ ಕೆಲಸ ಎಲ್ಲಾ ಹೀಗೇ ನಡೆಯುತ್ತಿತ್ತು. ಈಗ ಕಡಿಮೆ ಆಗಿದೆ. ಪೂರ್ತಿ ಹೋಗಿಲ್ಲ.

ಆಚಾರಿಯ ಕೆಲಸ ಮುಯ್ಯಾಳಿನಿಂದ ಆಗಲ್ಲ. ಆದರೆ ಹೆಂಚು ಇಳಿಸುವುದು, ತೊಳೆಯುವುದು, ಹಳೇ ರೀಪಿನ ಮೊಳೆ ಕೀಳುವುದು, ಮರಕ್ಕೆ ಎಣ್ಣೆ ಹಚ್ಚುವುದು, ಮತ್ತೆ ಹೆಂಚು ಏರಿಸುವುದು ಇವೆಲ್ಲ ಕೈ ಜಾಸ್ತಿ ಇದ್ದಷ್ಟೂ ಬೇಗ ಮುಗಿಯುವ ಕೆಲಸ. ನಮ್ಮ ಮಾಡು ಬಿಚ್ಚಿದ್ದು ಒಂದು ಭಾನುವಾರ. ಕೇರಿಯ ಹದಿನಾರು ಜನ ಬಂದಿದ್ದರು. ಮಾಡಿನ ಮೇಲೆ ಇಬ್ಬರು, ಏಣಿಯ ಮೇಲೆ ಇಬ್ಬರು, ಅಂಗಳದ ತುದಿಯವರೆಗೆ ಉಳಿದವರ ಸಾಲು. ಹೆಂಚು ಕೈಯಿಂದ ಕೈಗೆ ಬರುತ್ತಿತ್ತು. ಒಂದೊಂದು ಎರಡು, ಎರಡೂವರೆ ಕೆಜಿ ತೂಕ. ಸಾಲಿನ ಕೊನೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಕುರ್ಚಿ ಹಾಕಿ ಕೂತು ಪ್ರತಿ ಹೆಂಚನ್ನೂ ಬೆರಳ ಗಂಟಿನಲ್ಲಿ ತಟ್ಟಿ ನೋಡುತ್ತಿದ್ದರು. ಸದ್ದು ಕೇಳಿಯೇ 'ಇದು ಇರಲಿ, ಇದು ಬೇಡ' ಅಂತ ಎರಡು ರಾಶಿ ಮಾಡಿಸಿದರು. ಬಿರುಕು ಕಣ್ಣಿಗೆ ಕಾಣದ ಹೆಂಚೂ ಅವರ ಕಿವಿಗೆ ಸಿಕ್ಕಿಬಿಡುತ್ತಿತ್ತು. ಸಂಜೆ ನಾಲ್ಕಕ್ಕೆ ಮಾಡು ಖಾಲಿ.

ಅವತ್ತು ಖರ್ಚಾದದ್ದು ಎರಡು ಹೊತ್ತಿನ ಊಟ, ತಿಂಡಿ, ಕಾಫಿ. ಆಮೇಲೆ ನಾನೂ ತಮ್ಮನೂ ಎಂಟು ಮನೆಗೆ ಹೋಗಿ ದುಡಿದು ಬಂದೆವು. ಮುಯ್ಯಿ ತೀರಿಸದಿದ್ದರೆ ಮುಂದೆ ಯಾರೂ ಬರಲ್ಲ. ಹಾಗಾಗಿ ಯಾರು ಎಷ್ಟು ದಿನ ಬಂದರು ಅಂತ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಒಂದು ಎಚ್ಚರ: ಮಾಡಿನ ಮೇಲೆ ಹತ್ತಲು ರೂಢಿ ಇದ್ದವರನ್ನು ಮಾತ್ರ ಬಿಡಿ. ಒರಲೆ ತಿಂದ ಪಕಾಸಿಯ ಮೇಲೆ ಕಾಲಿಟ್ಟರೆ ಕೆಳಗೇ ಬರುತ್ತಾರೆ.

ಹಳೇ ಮನೆಯ ಸಾಮಾನು ಮಾರಬಹುದಾ?

ಮಾರಬಹುದು. ಮೊದಲು ಮೂರು ಗುಂಪು ಮಾಡಿಕೊಳ್ಳಿ.

ಕೆಟ್ಟ ಮರ, ತುಂಡು ರೀಪು ಬಚ್ಚಲ ಒಲೆಗೆ ಆಗುತ್ತವೆ, ಮಾರಿದರೂ ಹೆಚ್ಚಿಗೆ ಸಿಗಲ್ಲ. ಎರಡನೆಯದು ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಕಬ್ಬಿಣದ ಸಾಮಾನು. ಇವನ್ನು ಗುಜರಿಗೆ ಕೊಡುವ ಮುಂಚೆ ಆ ದಿನದ ಲೋಹದ ರೇಟು ಕೇಳಿಕೊಳ್ಳಿ, ತೂಕ ಮನೆಯಲ್ಲೇ ಮಾಡಿ. ನಮಗೆ 28,000 ಬಂದದ್ದು ಮುಖ್ಯವಾಗಿ ಇದರಿಂದ, ಮತ್ತೆ ಬಳಸದೆ ಬಿದ್ದಿದ್ದ ಎರಡು ಹಲಸಿನ ದಿಮ್ಮಿಯಿಂದ.

ಮೂರನೆಯದು ಕೆತ್ತನೆಯ ಕಂಬ, ಬಾಗಿಲು, ತೊಟ್ಟಿಲು, ಹಳೇ ವಿಗ್ರಹ, ತಾಳೆಗರಿ. ಇಲ್ಲಿ ಆತುರ ಬೇಡ. 1972ರ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪುರಾವಸ್ತು ಆಗುತ್ತದೆ. ಹಸ್ತಪ್ರತಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಾರಿನಲ್ಲಿ ಬಂದು 'ಈ ಬಾಗಿಲಿಗೆ ಹತ್ತು ಸಾವಿರ ಕೊಡ್ತೀನಿ' ಅನ್ನುವವರು ನಮ್ಮ ಕಡೆ ಓಡಾಡುತ್ತಲೇ ಇರುತ್ತಾರೆ. ಮಾಡು ಬಿಚ್ಚಿದ ಮನೆ ಕಂಡರೆ ಇನ್ನೂ ಬೇಗ ಬರುತ್ತಾರೆ, ನಮಗೆ ದುಡ್ಡಿನ ಅವಸರ ಇದೆ ಅಂತ ಅವರಿಗೆ ಗೊತ್ತು. ಕೊಡಬೇಡಿ. ಅಂಥ ಬಾಗಿಲು ಮಾಡಿಸುವ ಮರ ಇವತ್ತು ಎಲ್ಲಿದೆ?

ಹಿತ್ತಲಿನ ಮರ ಕಡಿದು ಮಾಡಿಗೆ ಬಳಸಬಹುದಾ, ಅಥವಾ ಮಾರಬಹುದಾ?

ಸ್ವಂತ ಜಾಗದ ಮರವಾದರೂ ಕೇಳದೆ ಕಡಿಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸಿಲ್ವರ್ ಓಕ್, ತೆಂಗು, ನೀಲಗಿರಿ, ರಬ್ಬರ್ ಥರದ ಕೆಲವು ಮರಗಳಿಗೆ ವಿನಾಯಿತಿ ಇದೆ. ಬೀಟೆ, ಸಾಗುವಾನಿ, ಹೊನ್ನೆಗೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಪಹಣಿ ಜೊತೆ ಅರ್ಜಿ ಕೊಡಿ. ಸಾಗಿಸಲು ಪಾಸ್ ಬೇಕಾ ಅಂತಲೂ ಅಲ್ಲೇ ಕೇಳಿಕೊಳ್ಳಿ.

ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟ, ಅದರ ಮರ ನಮ್ಮದಲ್ಲ. ಸೊಪ್ಪು, ದರಗು (ಒಣ ಎಲೆ) ತರುವ ಹಕ್ಕು ಮಾತ್ರ ನಮ್ಮದು.

ಇಷ್ಟೆಲ್ಲ ಓಡಾಡುವ ಬದಲು ಹಿಂಭಾಗದ ಮಾಡಿಗೆ ಕಬ್ಬಿಣದ ಪೈಪಿನ ಪಕಾಸಿ ಹಾಕಿಸುವುದೂ ಒಂದು ದಾರಿ. ನಾವು ಕೊಟ್ಟಿಗೆ ಕಡೆಯ ನಾಲ್ಕು ಚದರಕ್ಕೆ ಹಾಗೇ ಮಾಡಿದೆವು. ಮೇಲೆ ಹೆಂಚೇ ಇರುವುದರಿಂದ ಹೊರಗಿನಿಂದ ಗೊತ್ತಾಗಲ್ಲ. ಒರಲೆಯ ಭಯ ಇಲ್ಲ.

ಚಿನ್ನ ಅಡವಿಡುವುದು ಒಳ್ಳೆಯದಾ?

ಸಾಲ ಬೇಕೇ ಬೇಕು ಅಂದರೆ ನನ್ನ ಮೊದಲ ಆಯ್ಕೆ ಇದೇ. ಬೇಗ ಸಿಗುತ್ತದೆ, ಮನೆಪತ್ರ ಕೇಳಲ್ಲ, ಬಡ್ಡಿ ಪರ್ಸನಲ್ ಲೋನಿಗಿಂತ ಸಾಮಾನ್ಯವಾಗಿ ಕಡಿಮೆ.

ಆರ್‌ಬಿಐನ 2025ರ ನಿಯಮದಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85% ವರೆಗೆ ಕೊಡಬಹುದು. ಎರಡೂವರೆಯಿಂದ ಐದು ಲಕ್ಷಕ್ಕೆ 80%, ಅದಕ್ಕಿಂತ ಮೇಲೆ 75%. ಇದನ್ನು ಜಾರಿಗೆ ತರಲು 2026ರ ಏಪ್ರಿಲ್ 1ರ ಗಡುವು ಕೊಟ್ಟಿದ್ದರು. ಕಲ್ಲು, ಹರಳಿನ ತೂಕ ಲೆಕ್ಕಕ್ಕೆ ಬರಲ್ಲ. ಸಾಲ ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ಅವರ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಕೊಡುತ್ತಾರೆ ಅಂತ 85% ತೆಗೆದುಕೊಳ್ಳಬೇಡಿ. ಬೆಲೆ ಇಳಿದರೆ, ಕಂತು ತಪ್ಪಿದರೆ ಹರಾಜಿಗೆ ಹತ್ತಿರ ಆಗುತ್ತೀರಿ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿಕೊಂಡು ಹೋಗಿ. ಅಮ್ಮನ ಸರ ಇಟ್ಟಿದ್ದರೆ ಅದನ್ನು ಯಾವ ತಿಂಗಳು, ಯಾವ ದುಡ್ಡಿನಿಂದ ಬಿಡಿಸುತ್ತೀರಿ ಅಂತ ಅಮ್ಮನ ಎದುರೇ ಹೇಳಿ. ನಾವು ಮುಂದಿನ ಅಡಿಕೆ ಅಂತ ಹೇಳಿದ್ದೆವು. ಬಿಡಿಸಿಕೊಟ್ಟೆವು.

ಚೀಟಿ ಎತ್ತಿದರೆ?

ಈಗಾಗಲೇ ಚೀಟಿ ಕಟ್ಟುತ್ತಿದ್ದರೆ ಒಳ್ಳೆಯ ದಾರಿ. ಮಾಡು ಬಿಚ್ಚುವ ಎರಡು ತಿಂಗಳ ಮುಂಚೆ ಕೂಗಲು ನೋಡಿ, ಅವಸರ ಇಲ್ಲದಾಗ ಕಮ್ಮಿ ಬಿಟ್ಟುಕೊಡಬಹುದು. ಹೊಸದಾಗಿ ಸೇರುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆದದ್ದಕ್ಕೇ ಸೇರಿ. ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕಾನೂನಿನ ಪ್ರಕಾರ ನಡೆಸುವವರ ಕಮಿಷನ್ 7% ಮೀರುವಂತಿಲ್ಲ. ಕೇರಿಯ ಹೆಂಗಸರು ನಂಬಿಕೆಯ ಮೇಲೆ ನಡೆಸುವ ಸಣ್ಣ ಚೀಟಿಗಳು ಎಷ್ಟೋ ಮನೆ ಉಳಿಸಿವೆ, ನಿಜ. ಆದರೆ ಲಕ್ಷಗಟ್ಟಲೆ ಮೊತ್ತವನ್ನು ಕಾಗದವಿಲ್ಲದ ಚೀಟಿಗೆ ಹಾಕುವ ಧೈರ್ಯ ನನಗಿಲ್ಲ.

ಬ್ಯಾಂಕ್ ರಿಪೇರಿಗೆ ಸಾಲ ಕೊಡುತ್ತದಾ? ಪಿಎಫ್ ತೆಗೆಯಬಹುದಾ?

ಎರಡೂ ಆಗುತ್ತದೆ. ಮನೆ ಸಾಲ ಈಗಾಗಲೇ ಇದ್ದರೆ ಅದರ ಮೇಲೆ ಟಾಪ್-ಅಪ್ (ಹೆಚ್ಚುವರಿ ಸಾಲ) ಕೇಳಿ. ಹಳ್ಳಿಯ ಮನೆಯಾದರೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಇ-ಸ್ವತ್ತು ನಮೂನೆ 9 ಮತ್ತು 11 ಇಲ್ಲದೆ ಬ್ಯಾಂಕಿನ ಮೇಜಿನ ಮುಂದೆ ಮಾತು ಮುಂದುವರಿಯುವುದು ಕಷ್ಟ. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಅದು ಆಗಿರುವುದೇ ಇಲ್ಲ. ದುಡ್ಡು ಬೇಕಾದ ವರ್ಷ ಓಡಾಡುವುದಕ್ಕಿಂತ ಈಗಲೇ ಪಂಚಾಯಿತಿಯಲ್ಲಿ ಅರ್ಜಿ ಕೊಟ್ಟಿಡಿ.

ರಿಪೇರಿ ಸಾಲದ ಬಡ್ಡಿಗೆ, ನಾವೇ ವಾಸಿಸುವ ಮನೆಯಾದರೆ, ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ.

ಪಿಎಫ್‌ನಿಂದ ಮನೆ ಕೆಲಸಕ್ಕೆ ಸ್ವಲ್ಪ ಭಾಗ ತೆಗೆಯಬಹುದು, ಅದನ್ನು ವಾಪಸ್ ಕಟ್ಟಬೇಕಿಲ್ಲ. ಆದರೆ ಅದು ವಯಸ್ಸಾದ ಕಾಲದ ದುಡ್ಡು. ಐವತ್ತು ದಾಟಿದವರು ಕೇಳಿದರೆ ನಾನು ಬೇಡ ಅನ್ನುತ್ತೇನೆ.

ಸೊಸೈಟಿಯ ಬೆಳೆಸಾಲ ಇದೆಯಲ್ಲ, ಬಡ್ಡಿಯೇ ಇಲ್ಲ. ಅದನ್ನೇ ಹಾಕಿದರೆ?

ಬೇಡ. ಸಹಕಾರ ಸಂಘಗಳಲ್ಲಿ ಐದು ಲಕ್ಷದವರೆಗೆ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುವುದು ಬೆಳೆಗೆ. ಅದು ಹೆಂಚಿಗೆ ಹೋದರೆ ಗೊಬ್ಬರಕ್ಕೆ, ಕೊಳೆರೋಗದ ಔಷಧಿಗೆ ಬೇರೆ ಸಾಲ ಹುಡುಕಬೇಕು. ಗಡುವಿನೊಳಗೆ ತೀರಿಸದಿದ್ದರೆ ಬಡ್ಡಿಯೂ ಬೀಳುತ್ತದೆ. ಅದರ ಬದಲು ಶಿರಸಿಯ ಟಿಎಸ್‌ಎಸ್, ಶಿವಮೊಗ್ಗದ ಮ್ಯಾಮ್‌ಕೋಸ್‌ನಂಥ ಅಡಿಕೆ ಸಂಘದಲ್ಲಿ ನೀವು ಸದಸ್ಯರಾಗಿದ್ದರೆ, ಅಡಿಕೆಯ ಮೇಲೆ ಮುಂಗಡ ಸಿಗುತ್ತದಾ ಅಂತ ವಿಚಾರಿಸಿ. ರೇಟು ಬಿದ್ದಾಗಲೇ ಎಲ್ಲಾ ಮಾರಿಬಿಡುವುದು ಅದರಿಂದ ತಪ್ಪುತ್ತದೆ.

ಮಳೆಗೆ ಮಾಡು ಬಿದ್ದರೆ ಸರ್ಕಾರ ಏನು ಕೊಡುತ್ತದೆ?

ಹಳತಾಗಿ ಕೆಟ್ಟದ್ದಕ್ಕೆ ಏನೂ ಇಲ್ಲ. ಗಾಳಿ, ಮಳೆ, ನೆರೆ, ಗುಡ್ಡ ಕುಸಿತದಿಂದ ಹಾನಿಯಾದರೆ ಪರಿಹಾರ ಇದೆ. ವಿಪತ್ತು ನಿಧಿಯ 2022ರಿಂದ 2026ರ ಮಾನದಂಡದಲ್ಲಿ ಪೂರ್ತಿ ಬಿದ್ದ ಅಥವಾ ತೀವ್ರ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000, ಗುಡ್ಡಗಾಡಿನಲ್ಲಿ 1,30,000 ರೂಪಾಯಿ. ಕನಿಷ್ಠ 15% ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ಮಾತ್ರ. ರಾಜ್ಯ ಸರ್ಕಾರ ಕೆಲವು ವರ್ಷ ಇದಕ್ಕೆ ತನ್ನ ದುಡ್ಡೂ ಸೇರಿಸಿದೆ. 2019ರ ನೆರೆಯಲ್ಲಿ ಪೂರ್ತಿ ಹೋದ ಮನೆಗೆ ಐದು ಲಕ್ಷ ಘೋಷಣೆ ಆಗಿತ್ತು.

ಬಿದ್ದ ದಿನವೇ ಫೋಟೋ ತೆಗೆಯಿರಿ, ಗ್ರಾಮ ಆಡಳಿತ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಅವರು ಬಂದು ನೋಡುವ ಮುಂಚೆ ಅವಶೇಷ ತೆಗೆದುಬಿಟ್ಟರೆ ಹಾನಿ ಎಷ್ಟು ಅಂತ ತೋರಿಸಲು ಆಗಲ್ಲ. ಟಾರ್ಪಾಲು ಹೊದಿಸುವ ಮುಂಚೆ ಎರಡು ನಿಮಿಷ ಫೋಟೋಗೆ ಕೊಡಿ.

ವಿಮೆಯೂ ನೆನಪಿರಲಿ. 2021ರ ಏಪ್ರಿಲ್‌ನಿಂದ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಮನೆ ವಿಮೆ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಸಿಗುತ್ತದೆ. ಬೆಂಕಿ, ಬಿರುಗಾಳಿ, ನೆರೆ, ಭೂಕುಸಿತಕ್ಕೆ ಅನ್ವಯಿಸುತ್ತದೆ, ಒರಲೆಗೆ ಇಲ್ಲ. ಹೊಸ ಮಾಡಿಗೆ ಮಾಡಿಸಿಡಿ.

ಊರಲ್ಲಿ ಸಹಾಯಾರ್ಥ ಯಕ್ಷಗಾನ ಆಡಿಸಿ, ಲಕ್ಕಿ ಡಿಪ್ ಇಟ್ಟರೆ ಹೇಗೆ?

ಆಟ ಆಡಿಸಬಹುದು. ಲಕ್ಕಿ ಡಿಪ್ ಬೇಡ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಕೂಪನ್ ಮಾರಿ ಚೀಟಿ ಎತ್ತಿ ಬಹುಮಾನ ಕೊಡುವುದು ಅದೇ ಜಾತಿಗೆ ಸೇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ದುಡಿಯುವ ಕೈ ಇರುವ ಮನೆಗೆ ಸಹಾಯಾರ್ಥ ಆಟ ಬೇಡ. ಒಂಟಿ ಅಜ್ಜಿಯ ಮನೆ, ಯಜಮಾನ ತೀರಿಕೊಂಡ ಮನೆ ಇಂಥದಕ್ಕೆ ಊರೇ ಮುಂದೆ ನಿಂತು ಮಾಡಲಿ. ಆಗ ಅದಕ್ಕೆ ಘನತೆ ಇರುತ್ತದೆ. ನಮ್ಮ ಪಕ್ಕದ ಊರಲ್ಲಿ ಹೀಗೆ ಒಂದು ರಾತ್ರಿ ತಾಳಮದ್ದಲೆ ಮಾಡಿದರು. ಕಲಾವಿದರು ಸಂಭಾವನೆ ತೆಗೆದುಕೊಳ್ಳಲಿಲ್ಲ. ವೇಷ ಇಲ್ಲ, ರಂಗಸಜ್ಜಿಕೆ ಇಲ್ಲ, ಖರ್ಚು ಕಡಿಮೆ. ಬಂದ ದುಡ್ಡಲ್ಲಿ ಆ ಅಜ್ಜಿಯ ಮನೆಗೆ ರೀಪು, ಹೆಂಚು ಎರಡೂ ಆಯ್ತು.

ಆನ್‌ಲೈನ್‌ನಲ್ಲಿ ದುಡ್ಡು ಎತ್ತಬಹುದಲ್ಲ?

ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಮಿಲಾಪ್‌ನಂಥ ತಾಣಗಳಿವೆ. ಅಲ್ಲಿ ಜನ ಮುಖ್ಯವಾಗಿ ಸ್ಪಂದಿಸುವುದು ಆಸ್ಪತ್ರೆಯ ಖರ್ಚಿಗೆ. ಹಳೇ ಮಾಡಿಗೆ ಅಪರಿಚಿತರು ಕೊಡುವುದು ಕಷ್ಟ. ಗುಡ್ಡ ಕುಸಿದೋ ಬೆಂಕಿ ಬಿದ್ದೋ ಮನೆ ಹೋಗಿದ್ದರೆ ಮಾತು ಬೇರೆ. ಮೇಲೆ ಹೇಳಿದ 50,000ದ ತೆರಿಗೆ ಲೆಕ್ಕ ಇಲ್ಲೂ ನೆನಪಿರಲಿ.

ಉಪ್ಪಿನಕಾಯಿ, ಹಪ್ಪಳ, ಹೋಮ್‌ಸ್ಟೇ ಇವುಗಳಿಂದ ಆಗುತ್ತದಾ?

ಆಗುತ್ತದೆ, ಆದರೆ ಈ ವರ್ಷದ ಮಾಡಿಗೆ ಅಲ್ಲ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಗೆ ಬೆಂಗಳೂರಿನಲ್ಲಿ ಕೇಳುವವರಿದ್ದಾರೆ. ಮಾರುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿ. ಅಕ್ಕ ಅದರಿಂದ ಚಿನ್ನದ ಸಾಲದ ಬಡ್ಡಿ ಕಟ್ಟಿದಳು. ಅಷ್ಟು ಮಟ್ಟಿಗೆ ಅದು ನಿಜವಾಗಿ ಕೆಲಸಕ್ಕೆ ಬಂತು. ಹೋಮ್‌ಸ್ಟೇಗೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಒಳ್ಳೆಯ ಶೌಚಾಲಯ ಬೇಕು, ಮನೆಯವರು ಅಲ್ಲೇ ಇರಬೇಕು. ಸೋರುವ ಮನೆಗೆ ಯಾರೂ ಬರಲ್ಲ, ಹಾಗಾಗಿ ಅದು ಮಾಡಿನ ನಂತರದ ಯೋಚನೆ.

ಊರಲ್ಲಿ ಒಬ್ಬರು ನೂರಕ್ಕೆ ಮೂರು ರೂಪಾಯಿಯಂತೆ ಇವತ್ತೇ ಕೊಡ್ತಾರಂತೆ. ತಗೊಳ್ಳಲಾ?

ದಯವಿಟ್ಟು ಬೇಡ. ಮೂರು ರೂಪಾಯಿ ಅಂದರೆ ಸಣ್ಣದಾಗಿ ಕೇಳುತ್ತದೆ. ತಿಂಗಳಿಗೆ ಮೂರು, ವರ್ಷಕ್ಕೆ 36. ಒಂದು ಲಕ್ಷಕ್ಕೆ ವರ್ಷಕ್ಕೆ 36,000 ಬಡ್ಡಿಯೇ ಆಯ್ತು, ಅಸಲು ಹಾಗೇ ಇರುತ್ತದೆ. ಮೊಬೈಲ್ ಆ್ಯಪ್ ಸಾಲವೂ ಅಷ್ಟೇ. ಆ್ಯಪ್ ಅಸಲಿಯಾ ಅಂತ ನೋಡಲು ಆರ್‌ಬಿಐ 2025ರಿಂದ ಪಟ್ಟಿ ಹಾಕಿದೆ.

ಈಗಾಗಲೇ ಸಿಕ್ಕಿಕೊಂಡಿದ್ದರೆ ಒಬ್ಬರೇ ಕೊರಗಬೇಡಿ. ಕಿರುಸಾಲ ವಸೂಲಿಗೆ ಬೆದರಿಕೆ, ಹಿಂಸೆ ಮಾಡುವವರ ವಿರುದ್ಧ ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಹಾಕಬಹುದು. ಪೊಲೀಸ್ ಠಾಣೆಗೆ ಹೋಗಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.

ಎಷ್ಟು ಮಾಡಿದರೂ ದುಡ್ಡು ಅರ್ಧವೇ ಆಗಿದೆ. ಕೆಲಸ ಶುರು ಮಾಡಲಾ?

ಅರ್ಧ ಮಾಡಿಗೆ ಮಾಡಿ. ಪೂರ್ತಿ ಬಿಚ್ಚಿ ಅರ್ಧದಲ್ಲಿ ನಿಲ್ಲಿಸಬೇಡಿ. ಜೂನ್ ಮೊದಲ ವಾರಕ್ಕೆ ಮುಂಗಾರು ಬಂದುಬಿಡುತ್ತದೆ. ಮಣ್ಣಿನ ಗೋಡೆ ಒಂದು ಜಡಿಮಳೆಗೆ ನೆನೆದರೆ ಮಾಡಿನ ಖರ್ಚಿಗೆ ಗೋಡೆಯ ಖರ್ಚೂ ಸೇರುತ್ತದೆ. ಮಲಗುವ ಜಾಗ, ಅಡುಗೆಮನೆ ಈ ವರ್ಷ. ಜಗಲಿ, ಕೊಟ್ಟಿಗೆ ಮುಂದಿನ ವರ್ಷ. ಉಳಿದ ಕಡೆ ಒಡೆದ ಹೆಂಚು ಬದಲಿಸಿ, ಕೆಟ್ಟ ಪಕಾಸಿಗೆ ಪಕ್ಕದಲ್ಲಿ ಇನ್ನೊಂದು ಮರ ಕೊಟ್ಟು ಬಿಗಿಸಿದರೆ ಒಂದು ಮಳೆಗಾಲ ತಡೆಯುತ್ತದೆ. ಆಚಾರಿಯ ಹತ್ತಿರ ಕೇಳಿಯೇ ಮಾಡಿ.

ಕೂಡಿಸಿದ ದುಡ್ಡು ಪೋಲಾಗದ ಹಾಗೆ ಏನು ಮಾಡಬೇಕು?

ಇದನ್ನು ನಾವು ಪೆಟ್ಟು ತಿಂದು ಕಲಿತೆವು. ಮರ ಕೊಡುತ್ತೇನೆ ಅಂದವರೊಬ್ಬರಿಗೆ ಅರ್ಧ ದುಡ್ಡು ಮುಂಗಡ ಕೊಟ್ಟೆವು. ಎರಡು ತಿಂಗಳು 'ನಾಳೆ, ನಾಡಿದ್ದು' ಅಂತ ಕಳೆದು, ಕೊನೆಗೆ ಬಂದದ್ದು ಹಸಿ ಮರ. ಒಣಗಿದಾಗ ಎರಡು ಪಕಾಸಿ ಬಾಗಿದವು. ಅಕ್ಕ-ತಮ್ಮಂದಿರು ನಂಬಿ ಕೊಟ್ಟ ದುಡ್ಡು ಅದು. ಗುಂಪಿನಲ್ಲಿ ಆ ವಿಷಯ ಬರೆಯುವಾಗ ನನ್ನ ಕೈ ನಡುಗಿತ್ತು. ಆದರೂ ಬರೆದೆ. ಯಾರೂ ಬೈಯಲಿಲ್ಲ.

ಆಮೇಲೆ ಮುಂಗಡ ಅಂದರೆ ಹತ್ತರಲ್ಲಿ ಒಂದು ಪಾಲು ಅಂತ ಇಟ್ಟುಕೊಂಡೆವು. ಮರ ಅಂಗಳಕ್ಕೆ ಬಂದು ಅಳೆದ ಮೇಲೆ ಒಂದು ಕಂತು, ಪಕಾಸಿ ಏರಿದ ಮೇಲೆ ಒಂದು, ಹೆಂಚು ಹೊದಿಸಿದ ಮೇಲೆ ಕೊನೆಯದು. ಈ ಕೆಲಸಕ್ಕೇ ಅಂತ ಬೇರೆ ಉಳಿತಾಯ ಖಾತೆ ಇದ್ದರೆ ಮನೆ ಖರ್ಚಿನ ಜೊತೆ ಸೇರಿಹೋಗಲ್ಲ.

ದುಡ್ಡು ಕೊಟ್ಟವರಿಗೆ ಲೆಕ್ಕ ಕೊಡಬೇಕಾ? ಅವರು ಕೇಳಿಲ್ಲ.

ಕೊಡಿ. ನಾವು ಪ್ರತಿ ಶನಿವಾರ ರಾತ್ರಿ ಆ ವಾರದ ಖರ್ಚಿನ ಹಾಳೆಯ ಫೋಟೋ ಗುಂಪಿಗೆ ಹಾಕುತ್ತಿದ್ದೆವು. ಮೊಳೆಯ ಬಿಲ್ಲಿನಿಂದ ಹಿಡಿದು ಎಲ್ಲಾ. ಕೆಲಸ ಮುಗಿದ ಮೇಲೆ 3,400 ರೂಪಾಯಿ ಉಳಿದಿತ್ತು. ಏನು ಮಾಡೋಣ ಅಂತ ಗುಂಪಲ್ಲೇ ಕೇಳಿದೆ. 'ಹೆಂಚು ತಂದಿಡು, ಮುಂದೆ ಅದೇ ಅಳತೆಯದು ಸಿಗಲ್ಲ' ಅಂತ ಅತ್ತೆ ಬರೆದರು. ಅದಷ್ಟಕ್ಕೂ ಹೆಂಚು ತಂದು ಕೊಟ್ಟಿಗೆಯ ಹಿಂದೆ ನೆಲಕ್ಕೆ ಎರಡು ಮರದ ತುಂಡು ಕೊಟ್ಟು ನಿಲ್ಲಿಸಿ ಜೋಡಿಸಿದ್ದೇವೆ. ಕಳೆದ ಮಳೆಗಾಲದಲ್ಲಿ ಮಂಗ ಹಾರಿ ಪಕ್ಕದ ಮನೆಯ ಅಜ್ಜನ ಮಾಡಿನ ಹೆಂಚು ಒಡೆದಾಗ ಅದರಲ್ಲೇ ಹನ್ನೆರಡು ಅವರಿಗೆ ಕೊಟ್ಟೆವು. ಕೊಡುವ ಮುಂಚೆ ಒಂದೊಂದನ್ನೂ ಅವರೇ ತಟ್ಟಿ ನೋಡಿ ತೆಗೆದುಕೊಂಡರು.